ದೀಪದ ಹೊತ್ತಿನ ಗೋಡೆ

ನಮ್ಮ ಊರಿನ ಗೋಡೆಗಳು ದೀಪ ಹಚ್ಚುವ ಹೊತ್ತಿನ ಮಾತನ್ನು ಒಂದು ವರುಷ ತಮ್ಮಲ್ಲಿ ಇಟ್ಟುಕೊಂಡು, ಮರುವರುಷ ಅದೇ ತಿಥಿಯ ಅದೇ ಹೊತ್ತಿಗೆ ಒಂದೇ ಒಂದು ಸಲ ತಿರುಗಿ ಕೊಡುತ್ತವೆ. ಬೇರೆ ಹೊತ್ತಿನ ಮಾತಿಗೆ ಅವುಗಳಲ್ಲಿ ಜಾಗವಿಲ್ಲ. ಬೆಳಗಿನ ಬೈಗುಳ, ಮಧ್ಯಾಹ್ನದ ಹರಟೆ, ಮಲಗುವ ಮುಂಚಿನ ಪಿಸುಮಾತು ಎಲ್ಲ ಗಾಳಿಗೆ ಹೋಗುತ್ತವೆ. ಆದುದರಿಂದ ನಮ್ಮಲ್ಲಿ ತಿಳಿದ ಗಂಡ ಹೆಂಡಿರು ಸಂಜೆಗೆ ಜಗಳ ಬಂದರೆ ಮನೆಯ ಬಾಗಿಲು ಹಾಕಿಕೊಂಡು ಊರ ಹೊರಗಿನ ಬಯಲಿಗೆ ಹೋಗಿ ಆಡಿಬರುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಉಪ್ಪಿಟ್ಟು ತಿಂದು ಎದ್ದುಬಿಡುತ್ತಿರಲಿಲ್ಲ. ದೀಪ ಹಚ್ಚುವ ತನಕ ಕಾದಿದ್ದು, ಗೋಡೆಗೆ ಬೆನ್ನು ಕೊಟ್ಟು ಕೂತು, ಆ ಮನೆಯ ಅತ್ತೆ ಹೋದ ವರುಷ ಆ ದಿನ ಹಿರಿಯ ಸೊಸೆಯನ್ನು ಯಾವ ದನಿಯಲ್ಲಿ ಕರೆದಿದ್ದಳೆಂದು ಕೇಳಿಕೊಂಡು ಆಮೇಲೆ ಒಪ್ಪುತ್ತಿದ್ದರು. "ನಾ ಹಂಗ ಅಂದೇ ಇಲ್ಲ" ಎಂದು ವಾದಿಸುವವನಿಗೆ "ತಡಿಯಪಾ, ಬರೂ ವರ್ಷ ನಿನ್ನ ಗ್ವಾಡೀನ ಕೇಳೂಣು" ಎಂದರೆ ಸಾಕಾಗುತ್ತಿತ್ತು. ಒಳಗೋಡೆಗೆ ಯಾರೂ ಮೊಳೆ ಹೊಡೆಯುತ್ತಿರಲಿಲ್ಲ. ಸಂಜೆಗೆ ಹುಟ್ಟಿದ ಕೂಸಿನ ಮೊದಲ ಅಳು ತಿರುಗಿ ಬರುವ ದಿನ ಓಣಿಯ ಹೆಂಗಸರೆಲ್ಲ ಬಂದು ಗೋಡೆಗೆ ಕಿವಿ ಹಚ್ಚುತ್ತಿದ್ದರು. ಆ ಕೂಸು ಅಷ್ಟು ಹೊತ್ತಿಗೆ ಅವರ ಸೀರೆ ಹಿಡಿದು ನಿಲ್ಲಲು ಕಲಿತಿರುತ್ತಿತ್ತು.

ಇದೆಲ್ಲ ಈಗ ಹಳೆಯ ಮಾತು. ಒಂದೇ ಮಾಳಿಗೆಯ ಕೆಳಗೆ ಎಲ್ಲಿಯಾದರೂ ಒಂದು ಮೊಬೈಲು ಬೆಳಗುತ್ತಿದ್ದರೆ ಅಲ್ಲಿಯ ಗೋಡೆಗಳು ಮಾತನ್ನು ಇಟ್ಟುಕೊಳ್ಳುತ್ತವೆ, ಬಾಯಿ ಮಾತ್ರ ಬಿಡುವುದಿಲ್ಲ. ಮೊಬೈಲು ಬಂದ ಹೊಸದರಲ್ಲಿ ಹಿರಿಯರು ಒಂದೆರಡು ಸಲ ಗೊಣಗಿದರು. ಆಮೇಲೆ ಅವರ ಕೈಗೂ ಒಂದೊಂದು ಬಂತು. ಗೋಡೆಗಳು ಮೂಕವಾದದ್ದನ್ನು ಯಾರೂ ದೊಡ್ಡ ನಷ್ಟವೆಂದು ಎಣಿಸಲಿಲ್ಲ. ಕೇಳುವುದಕ್ಕೆ ಬೇರೆ ಎಷ್ಟೋ ಇತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ಗೋಡೆಯ ಸಂಗತಿ ಹೇಳಿದರೆ ಅಜ್ಜಿಕತೆ ಕೇಳಿದ ಹಾಗೆ ನಗುತ್ತಾರೆ.

ನಾನು ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಹೆಸರು ಗುರುಸಿದ್ದಮ್ಮ; ಆದರೆ ಊರಿಗೆಲ್ಲ ಅಕ್ಕೋರು. ಮದುವೆಯಾಗಲಿಲ್ಲ. ನನ್ನ ತಂಗಿ ನೀಲವ್ವ ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದಳು. ಅಂದಿನಿಂದ ನಾವಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಮುದುಕಿಯರಾದೆವು. ನಮ್ಮದು ಒಂದೇ ಮಾಳಿಗೆಯ ಕೆಳಗೆ ಸಾಲಾಗಿರುವ ಮೂರು ಮನೆಗಳಲ್ಲಿ ನಡುವಿನದು. ದಿನಾ ಸಂಜೆ ನಾನು ಮಠಕ್ಕೆ ಹೋಗುತ್ತಿದ್ದೆ. ನೀಲಳಿಗೆ ಮೊಣಕಾಲು ನೋವು. ಅವಳು ಮನೆಯಲ್ಲೇ ದೀಪ ಹಚ್ಚಿ, ವಿಭೂತಿ ಧರಿಸಿ, ಗೋಡೆಗೆ ಒರಗಿ ಕೂತು ಏನಾದರೊಂದು ಕೆಲಸ ಮಾಡುತ್ತಿದ್ದಳು. ಹೋದ ವರುಷ ಶ್ರಾವಣ ಶುದ್ಧ ದಶಮಿಯ ದಿನ ನಾನು ಮಠದಿಂದ ಬಂದಾಗ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಅವಳು ಒರಗಿ ಕೂತ ಹಾಗೆಯೇ ಇದ್ದಳು. ಮಗ್ಗುಲಲ್ಲಿ ಮೊರ. ಕಾಲಿನ ಮೇಲೆ ಒಂದು ಟವಲು ಹೊದಿಸಿದಂತಿತ್ತು. ಮುಟ್ಟಿ ನೋಡಿದರೆ ಶಿವನ ಪಾದ ಸೇರಿಯಾಗಿತ್ತು.

ಮಾಡಬೇಕಾದುದನ್ನೆಲ್ಲ ಮಾಡಿದೆವು. ಜಂಗಮರು ಬಂದರು, ಗಣಾರಾಧನೆಯಾಯಿತು. ನಾನು ಮತ್ತೆ ಸಂಜೆ ಸಂಜೆಗೆ ಮಠಕ್ಕೆ ಹೋಗತೊಡಗಿದೆ. ಮನೆಯಲ್ಲಿದ್ದರೆ ಆ ಹೊತ್ತು ನನ್ನನ್ನು ನುಂಗುತ್ತಿತ್ತು. ಹೀಗೇ ತಿಂಗಳುಗಳು ಕಳೆದವು. ಆಷಾಢದಲ್ಲಿ ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಇದ್ದಕ್ಕಿದ್ದಂತೆ ತಿಳಿಯಿತು: ನೀಲಳ ಮುಖ ನನಗೆ ಕಾಣುತ್ತದೆ, ದನಿ ಕೇಳಿಸುತ್ತಿಲ್ಲ. ಅವಳು "ಅಕ್ಕಾ" ಅನ್ನುತ್ತಿದ್ದಳಲ್ಲ, ಆ ಕೊನೆಯ ಎಳೆತ ಹೇಗಿತ್ತು? ನಾನೇ ಬಾಯಿಬಿಟ್ಟು ಅಂದು ನೋಡಿದೆ. ಅದು ನನ್ನ ದನಿಯೇ ಆಯಿತು. ಕೈಯಲ್ಲಿ ಲಿಂಗವಿದ್ದರೂ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಆಗ ಗೋಡೆಯ ನೆನಪಾಯಿತು. ನೀಲ ಬದುಕಿದ್ದ ಕೊನೆಯ ವರುಷದ ಸಂಜೆಗಳೆಲ್ಲ ಒಂದೊಂದಾಗಿ ತಿರುಗಿ ಬಂದು, ಅಕ್ಕಪಕ್ಕದ ಮೊಬೈಲುಗಳ ಬೆಳಕಿನಲ್ಲಿ ಬಾಯಿ ತೆರೆಯದೆಯೇ ಹೋಗಿಬಿಟ್ಟಿದ್ದವು. ಕೇಳಬೇಕಾದ ನಾನು ಮಠದಲ್ಲಿದ್ದೆ. ಲೆಕ್ಕ ಹಾಕಿದರೆ ಇನ್ನು ಕೆಲವೇ ದಿನ. ದಶಮಿ ದಾಟಿತೆಂದರೆ ಆ ಗೋಡೆಯಲ್ಲಿ ನನ್ನೊಬ್ಬಳ ಕೆಮ್ಮು ಬಿಟ್ಟರೆ ಬೇರೇನೂ ಇರುವುದಿಲ್ಲ. ದಶಮಿಯ ಸಂಜೆ ಮಾತ್ರ ನಾನು ಬಿಡಲಾರೆನೆಂದು ನಿಶ್ಚಯಿಸಿದೆ. ಅವಳು ಸಾಯುವಾಗ ಏನೆಂದಳು, ನನ್ನನ್ನು ಕೂಗಿದಳೋ, ಎಷ್ಟು ಹೊತ್ತು ಒಬ್ಬಳೇ ಒದ್ದಾಡಿದಳೋ, ಅದನ್ನು ತಿಳಿಯದೆ ನಾನು ಮಣ್ಣಿಗೆ ಹೋಗಲಾರೆ. ನನ್ನ ಮನೆಯಲ್ಲಿ ಮೊಬೈಲೇ ಇಲ್ಲ; ಅಕ್ಕಪಕ್ಕದ ಎರಡು ಮನೆಯ ಮೊಬೈಲುಗಳು ಆರಬೇಕಾಗಿತ್ತು.

ಎಡಗಡೆಯ ಮನೆ ರುದ್ರವ್ವನದು. ನನ್ನ ವಾರಿಗೆಯವಳು. ಹಲ್ಲು ಹೋಗಿವೆ, ಬಾಯಿ ಹೋಗಿಲ್ಲ. ಸಂಜೆಯಾದರೆ ಮೊಬೈಲನ್ನು ಚರಿಗೆಗೆ ಒರಗಿಸಿಟ್ಟುಕೊಂಡು ಸೀರಿಯಲ್ ನೋಡುತ್ತಾಳೆ.

"ದಶಮಿ ದಿವಸ?" ಅಂದಳು ರುದ್ರವ್ವ. "ಅಯ್ಯ ಅಕ್ಕೋರ, ಅವತ್ತ ಆ ಹುಡುಗಿ ಲಗ್ನ ಐತಿ."

"ಯಾವ ಹುಡುಗಿದು?"

"ಸೀರಿಯಲ್‌ದಾಗಿಂದು. ಪಾಪ, ಅದರ ಲಗ್ನ ತಪ್ಪಕೊಂತನ ಬಂದೈತಿ. ಅವತ್ತೂ ನಾ ಹೋಗಲಿಲ್ಲಂದ್ರ ಹೆಂಗ?"

"ನೀ ಹೋಗದಿದ್ರೂ ಅವ ತಾಳಿ ಕಟ್ಟತಾನ ಬಿಡ."

"ಎಲ್ಲಿ ಕಟ್ಟತಾನ್ರಿ? ಅವರವ್ವ ಬಿಡಬೇಕಲ್ಲ! ಆ ಮುದಕಿ ಹೆಂಥಾಕಿ ಅಂತ ನಿಮಗ ಗೊತ್ತಿಲ್ಲ." ಆಮೇಲೆ ನನ್ನ ಮುಖ ನೋಡಿ, "ನೀಲವ್ವನ ದನಿ ನಾನೂ ಮರತೇನ್ರಿ" ಎಂದಳು. "ಆರಸ್ತೀನಿ. ಲಗ್ನ ಹಾಳಾಗಿ ಹೋಗ್ಲಿ."

ಬಲಗಡೆಯ ಮನೆಯಲ್ಲಿ ಸುವರ್ಣಾ ಇದ್ದಾಳೆ. ಅವಳ ಗಂಡ ಲಾರಿ ಓಡಿಸುತ್ತಾನೆ. ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ಮಗಳು ಈಶ್ವರಿ ಈಗ ಶಾಲೆಯ ಒಂದನೆಯ ಇಯತ್ತೆಗೆ ಹೋಗುತ್ತಾಳೆ. ಸುವರ್ಣಾ ಮಗ್ಗದ ಸೀರೆಗಳನ್ನು ತಂದು, ದಿನಾ ಸಂಜೆ ಮೊಬೈಲಿನ ಮುಂದೆ ನಿಂತು ಒಂದೊಂದಾಗಿ ಬಿಡಿಸಿ ತೋರಿಸುತ್ತಾಳೆ. ಅದಕ್ಕೆ ಲೈವ್ ಎನ್ನುತ್ತಾರೆ. ಎಲ್ಲೆಲ್ಲಿಯವರೋ ನೋಡಿ ಕೊಳ್ಳುತ್ತಾರೆ. ನೀಲ ಹೋದಾಗ ನನ್ನ ಕೂಗು ಕೇಳಿ ಮೊದಲು ಓಡಿಬಂದವಳು ಅವಳೇ. ಮಗಳನ್ನು ತವರಿಗೆ ಕಳಿಸಿ, ತಿಂಗಳುಗಟ್ಟಲೆ ನನಗೆ ರೊಟ್ಟಿ ಮಾಡಿಕೊಟ್ಟವಳೂ ಅವಳೇ. ನಾನು ಬೇಡವೆಂದರೆ "ನೀಲಜ್ಜಿ ನನಗ ಬೈತಾಳ, ತಿನ್ರಿ" ಎನ್ನುತ್ತಿದ್ದಳು. ನನಗೆ ಅವಳ ಮೇಲೆ ಹೊಟ್ಟೆಯಲ್ಲಿ ಹುಟ್ಟಿದವಳ ಮೇಲಿರುವಷ್ಟು ಅಕ್ಕರೆ.

ನನ್ನ ಮಾತು ಕೇಳಿ ಅವಳು ಕೈಯಲ್ಲಿದ್ದ ಸೀರೆಯನ್ನು ಮಡಿಸುವುದನ್ನು ನಿಲ್ಲಿಸಿದಳು. "ಅಕ್ಕೋರ, ನಾ ಬಂದಾಗಿಂದ ಈ ಗ್ವಾಡಿ ಒಂದ ಮಾತೂ ಆಡಿಲ್ಲ. ಖರೇನ ಆಡತಾವ್ರಿ?"

"ಆಡತಾವು. ನಾವ ಆಡಗೊಡವಲ್ಲಿವಿ."

"ಅಜ್ಜಿ ದನಿ ಬೇಕಂದ್ರ ನನ್ನ ಕಡೆ ಐತಲ್ಲ! ತಡೀರಿ." ಎಂದು ಮೊಬೈಲನ್ನು ಒರೆಸಿ, ಹುಡುಕಿ, ನನ್ನ ಕಣ್ಣಿನ ಮುಂದೆ ಹಿಡಿದಳು. ಅದರಲ್ಲಿ ನೀಲ ಇದ್ದಳು. ಹೆಗಲ ಮೇಲೆ ಯಾವುದೋ ಹಸಿರು ಸೀರೆ ಹಾಕಿಸಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ಸುವರ್ಣಾಳ ಕಡೆಗೆ ನೋಡಿ, "ಚಲೋ ಐತಿ ಸೀರಿ. ಎಲ್ಲಾರೂ ತಗೋರಿ" ಎಂದು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು. ಅಷ್ಟೇ. ಸುವರ್ಣಾ ಮತ್ತೊಮ್ಮೆ ಹಾಕಿದಳು. ಮತ್ತೊಮ್ಮೆ ಅವಳು ಹಾಗೆಯೇ ಒಪ್ಪಿಸಿದಳು. ನನಗೆ ಅಳು ಬಂತು, ಕೈ ಮುಗಿಯಬೇಕೆನ್ನಿಸಿತು. ಆದರೂ ಅದು ನನ್ನ ತಂಗಿ ಊರ ಮಂದಿಗೆ ಆಡಿದ ಮಾತು. ನನಗೆ ಬೇಕಾದದ್ದು ಅವಳು ಯಾರೂ ನೋಡದಾಗ ಆಡುತ್ತಿದ್ದ ಮಾತು. ಅದನ್ನು ಹೇಗೆ ಹೇಳಲಿ?

ನಾನು ಹೇಳದಿದ್ದರೂ ಅವಳಿಗೆ ಅರ್ಥವಾಗಿರಬೇಕು. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು. "ಗೌರಿ ಹಬ್ಬ ಹತ್ರ ಬಂದೈತ್ರಿ. ಈಗ ಒಂದ ಸಂಜಿ ಬಿಟ್ಟೆ ಅಂದ್ರ ಮಂದಿ ಬ್ಯಾರೆ ಕಡೆ ಹೋಕ್ಕಾರ. ವ್ಯಾಪಾರದ ಮಾತಲ್ಲರಿ ಇದು. ನಾ ಈ ಊರಿಗೆ ಬಂದಾಗ ನಮ್ಮ ಮನಿಯವರು ಲಾರಿ ಮ್ಯಾಲ, ಅತ್ತಿ ಇಲ್ಲ, ನಾದಿನಿ ಇಲ್ಲ. ದಿನಾ ಗ್ವಾಡಿ ನೋಡಕೊಂತ ಕುಂದರತಿದ್ದೆ. ಈಗ ಸಂಜಿ ಆತಂದ್ರ 'ಸುವರ್ಣಕ್ಕ ಊಟಾತೇನು, ಸುವರ್ಣಕ್ಕ ಇವತ್ತ ಮಾರಿ ಯಾಕ ಸಪ್ಪಗೈತಿ' ಅಂತ ಕೇಳವರು ಅದಾರ. ಅವರ ಮಾರಿ ನಾ ಕಂಡಿಲ್ಲ ಖರೆ. ಕೇಳತಾರಲ್ಲ."

ಪಕ್ಕದ ಮನೆಯಲ್ಲೇ ಇದ್ದೂ ಆ ದಿನಗಳಲ್ಲಿ ನಾನು ಅವಳನ್ನು ಊಟವಾಯಿತೇ ಎಂದು ಕೇಳಿದ ನೆನಪು ನನಗಿಲ್ಲ. ನಾನು ಎದ್ದು ಬಾಗಿಲ ತನಕ ಬಂದಾಗ ಅವಳೇ ಹಿಂದಿನಿಂದ ಅಂದಳು: "ದಶಮಿ ಒಂದ ಸಂಜಿ ಹೌದಲ್ಲ? ಆಗಲ್ರಿ ಅಕ್ಕೋರ. ಅಜ್ಜಿ ಸಲವಾಗಿ."

ದಶಮಿ ಬಂತು. ಆ ದಿನ ನಾನು ಮಠಕ್ಕೆ ಹೋಗಲಿಲ್ಲ. ಬೆಳಿಗ್ಗೆಯೇ ನೀಲಳ ಹೆಸರಿನಲ್ಲಿ ಪೂಜೆ ಮಾಡಿಸಿ, ಜಂಗಮರಿಗೆ ಊಟಕ್ಕೆ ಬಡಿಸಿ ಕಳಿಸಿದೆ. ಸಂಜೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ದೀಪಕ್ಕೆ ಎಣ್ಣೆ ಹಾಕಿ, ಅವಳು ಒರಗುತ್ತಿದ್ದ ಗೋಡೆಯ ಬದಿಗೆ ಚಾಪೆ ಹಾಸಿ ಕಾದೆ. ಹೊತ್ತು ಬಂತು. ದೀಪ ಹಚ್ಚಿ ಗೋಡೆಗೆ ಕಿವಿಯಿಟ್ಟೆ.

ಗೋಡೆ ತಣ್ಣಗಿತ್ತು. ಏನೂ ಇಲ್ಲ. ಇನ್ನೂ ಒತ್ತಿ ಹಿಡಿದೆ. ಇನ್ನು ಯಾವ ಮೊಬೈಲು? ಎದ್ದು ಹೊರಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ ಎಂದರೆ ನಗುತ್ತೀರಿ, ಆದರೂ ಓಡಿದೆ.

ಸುವರ್ಣಾ ತನ್ನ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದವಳೇ ಮೊಬೈಲನ್ನು ಮುಂದೆ ಹಿಡಿದು, "ಆರಸೇನ್ರಿ, ನೋಡ್ರಿ ಬೇಕಾದ್ರ. ನಂದಲ್ಲರಿ" ಎಂದಳು. ಅದರ ಗಾಜು ಕಪ್ಪಾಗಿತ್ತು. ರುದ್ರವ್ವ ತನ್ನ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು.

"ರುದ್ರವ್ವಾ, ನಿನ್ನ ಮೊಬೈಲ ಎಲ್ಲೈತಿ?"

"ಆರಸೇನಲ್ಲರಿ! ಅರಿಬ್ಯಾಗ ಸುತ್ತಿ ಜ್ವಾಳದ ಗುಮ್ಮಿ ಒಳಗ ಹುಗದೇನಿ. ಮ್ಯಾಲ ಮಣೆ ಇಟ್ಟೇನಿ. ಇನ್ನ ಅದರಪ್ಪ ಬಂದ್ರೂ ಏಳಾಂಗಿಲ್ಲ."

ಮೂವರೂ ಒಳಗೆ ಹೋಗಿ ಕಾಳು ತುಂಬುವ ಆ ಗುಮ್ಮಿಯ ಮೇಲಿನ ಮಣೆ ತೆಗೆದೆವು. ಜೋಳದ ಒಳಗಿನಿಂದ ಸಣ್ಣಗೆ ಸನಾಯಿ ಕೇಳಿಸುತ್ತಿತ್ತು. ಆ ಹುಡುಗಿಯ ಮದುವೆ ಜೋಳದ ಕೆಳಗೆ ಸಾಂಗವಾಗಿ ನಡೆದಿತ್ತು.

"ನೀ ಆರಸಿಲ್ಲ ಎವ್ವಾ, ಮುಚ್ಚಿ!" ಎಂದಳು ಸುವರ್ಣಾ, ಮೊಣಕೈ ತನಕ ಜೋಳದಲ್ಲಿ ಕೈ ಹಾಕುತ್ತ.

"ಎರಡೂ ಬ್ಯಾರೆ ಬ್ಯಾರೆ ಏನು? ಚಿಮಣಿ ಬುಡ್ಡಿ ಮ್ಯಾಲ ಡಬ್ಬಿ ಮುಚ್ಚಿದ್ರ ಆರತೈತಿ. ಇದಕ್ಕೇನ ಬ್ಯಾನಿ?"

ಬಟ್ಟೆಯ ಗಂಟು ಬಿಚ್ಚುವಷ್ಟರಲ್ಲಿ ಈಶ್ವರಿ ನಮ್ಮ ಕಾಲುಗಳ ನಡುವೆ ತೂರಿ ಬಂದು, ಮೊಬೈಲಿನ ಮಗ್ಗುಲನ್ನು ಒತ್ತಿ ಹಿಡಿದಳು. ಬೆಳಕು ಹೋಯಿತು. ಮದುವೆಯೂ ಹೋಯಿತು. "ತಾಳಿ ಕಟ್ಟಿದ್ನೋ ಇಲ್ಲೋ" ಎಂದು ರುದ್ರವ್ವ ಹಣೆ ಬಡಿದುಕೊಂಡಳು. ನಾನು ಅಷ್ಟು ಹೊತ್ತಿಗೆ ನನ್ನ ಹೊಸ್ತಿಲು ದಾಟಿದ್ದೆ.

ಹೊತ್ತಿನ ಮೊದಲ ಭಾಗ ಕಳೆದುಹೋಗಿತ್ತು. ಚಾಪೆಯ ಮೇಲೆ ಕೂತು ಕಿವಿಯಿಟ್ಟೆ. ಗೋಡೆ ಈಗ ಬೇರೆಯಾಗಿತ್ತು. ಸಣ್ಣವಳಿದ್ದಾಗ ತಿಳಿದಿದ್ದ ಆ ಹಿತವಾದ ಬಿಸುಪು ಕೆನ್ನೆಗೆ ತಾಕಿತು. ಮೊದಲು ಮೊರದ ಸದ್ದು ಬಂತು. ಬೇಳೆ ಕೇರುವಾಗ ನೀಲ ಮೊರದ ಅಂಚನ್ನು ಬೆರಳಿನಿಂದ ತಟ್ಟುತ್ತಿದ್ದಳು, ಆ ಸದ್ದು. ಅದರ ಹಿಂದೆಯೇ ಅವಳ ದನಿ.

"ಏಟ ಹರಳ ಅದಾವವಾ ಇದರಾಗ! ಅಂಗಡ್ಯಾವ ಬ್ಯಾಳಿ ಮಾರತಾನೋ, ಗುಡ್ಡಾ ಮಾರತಾನೋ."

ನಾನು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಉಸಿರಿನ ಸದ್ದಿಗೂ ಒಂದು ಮಾತು ತಪ್ಪಬಾರದು. ಅದೇ ದನಿ. ಸ್ವಲ್ಪ ಒಡೆದದ್ದು, ಮಾತಿನ ಕೊನೆಗೆ ನಗು ಬರಲೋ ಬೇಡವೋ ಎಂದು ನಿಂತಂತೆ ಇರುವುದು. ಇದನ್ನು ನಾನು ಹೇಗೆ ಮರೆತಿದ್ದೆ?

"ಯಾರ ಕೂಡ ಮಾತಾಡಾಕತ್ತಿ ಅಜ್ಜಿ?"

ಇದು ಮಗುವಿನ ದನಿ. ಒಂದು ವರುಷ ಚಿಕ್ಕದಾದ ಈಶ್ವರಿಯ ದನಿ. ನಾನು ಬೆಚ್ಚಿದೆ. ಆ ಸಂಜೆ ಅವಳು ಅಲ್ಲಿದ್ದಳೆಂದು ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

"ಬ್ಯಾಳಿ ಕೂಡ."

"ಅದು ಮಾತಾಡತೈತಿ?"

"ಮಾತಾಡಂಗಿಲ್ಲ. ಕೇಳತೈತಿ. ನಿಮ್ಮವ್ವೇನ ಮಾಡಾಕತ್ತಾಳ?"

"ಸೀರಿ ತೋರಸಾಕತ್ತಾಳ. ನಾ ನಡಕ ಹೋಗಬಾರದಂತ."

"ಹಂಗಾರ ನನ್ನ ನಡಕ ಬಾ. ನಾ ಏನೂ ತೋರಸಾಂಗಿಲ್ಲ."

ಮಗು ನಕ್ಕಿತು. ಮತ್ತೆ ಮೊರದ ಸದ್ದು. ಬೇಳೆ ಜಾರುವ ಸದ್ದು. ಆಮೇಲೆ ಮೊರ ನೆಲಕ್ಕೆ ಇಟ್ಟದ್ದು ಕೇಳಿಸಿತು. ಸ್ವಲ್ಪ ಹೊತ್ತು ಬರೀ ಉಸಿರು. ಆ ಉಸಿರು ಬೇರೆ ಥರ ಇತ್ತು.

"ಈಶ್ವರೀ, ಒಂದ ಕೆಲಸ ಮಾಡವಾ. ನಿಮ್ಮವ್ವನ್ನ ಕರಕೊಂಡ ಬಾ. ಅಜ್ಜಿಗೆ ಎದ್ಯಾಗ ಹಿಂಡಿದಂಗ ಆಗಾಕತ್ತೈತಿ ಅನ್ನು."

ಪುಟ್ಟ ಕಾಲುಗಳು ಓಡಿದವು. ನೀಲ ಒಬ್ಬಳೇ ಉಳಿದಳು. ಒಂದು ವರುಷದ ಈ ಕಡೆ ನಾನು, ಏನೂ ಮಾಡಲಾರದವಳು. ಅವಳು "ಶಿವಾ" ಅಂದಳು. ಆಮೇಲೆ "ಅಕ್ಕಾ" ಅಂದಳು. ಕೂಗಿದ್ದಲ್ಲ, ಮಠ ಎಷ್ಟು ದೂರವೆಂದು ಅವಳಿಗೆ ಗೊತ್ತು. ಬಾಯಿಗೆ ಬಂದದ್ದನ್ನು ಅಂದುಕೊಂಡ ಹಾಗೆ ಇತ್ತು. "ಅಕ್ಕ ಬರೂದಕ್ಕ ಇನ್ನ ಹೊತ್ತೈತಿ" ಎಂದಳು. ಮತ್ತೆ ಉಸಿರು. ಯಾರೋ ಬರುತ್ತಾರೆಂದು ಕಾಯುವವರ ಉಸಿರು ನನಗೆ ಗೊತ್ತು.

ಬಂದದ್ದು ಅವೇ ಪುಟ್ಟ ಕಾಲುಗಳು.

"ಅವ್ವ ಬರವಲ್ಲಳು. ಕೈ ಹಿಂಗ ಮಾಡಿದ್ಲು."

"ಇರ್ಲಿ ಬಿಡವಾ. ಕೆಲಸದಾಗ ಅದಾಳ."

"ಮತ್ತ ಹೋಗಿ ಕರೀಲಿ?"

"ಬ್ಯಾಡ. ನೀ ಇಲ್ಲೇ ಕುಂದ್ರು. ನನ್ನ ಕೈ ಹಿಡಕೋ."

"ನಿನ್ನ ಕೈ ತಣ್ಣಗೈತಿ ಅಜ್ಜಿ."

"ನಿಂದು ಬೆಚ್ಚಗೈತಿ. ಇಬ್ಬರದೂ ಕೂಡಿ ಸರಿ ಆತ ನೋಡು." ನೀಲ ಆ ಮಾತನ್ನು ನಗುತ್ತಲೇ ಅಂದಳು. ನನ್ನ ಶಿವನ ಆಣೆ, ನಕ್ಕಳು. ಆಮೇಲೆ ಬಹಳ ಹೊತ್ತು ಬಿಟ್ಟು, ತೀರ ಸಣ್ಣಗೆ, "ಅಕ್ಕ ಬಂದ್ರ, ಬ್ಯಾಳಿ ಹಸನ ಮಾಡಿ ಇಟ್ಟೇನಿ ಅಂತ ಹೇಳು" ಎಂದಳು.

"ಹೂಂ" ಎಂದಿತು ಮಗು.

ಅದಾದ ಮೇಲೆ ನೀಲಳ ದನಿ ಬರಲಿಲ್ಲ. ಮಗು ಒಂದೆರಡು ಸಲ "ಅಜ್ಜಿ" ಎಂದಿತು. "ಮಲಗಿದೇನು?" ಎಂದಿತು. ಬಟ್ಟೆ ಎಳೆದ ಸದ್ದಾಯಿತು. ಟವಲು ಹೊದಿಸಿದ್ದು ಯಾರೆಂದು ಈಗ ತಿಳಿಯಿತು. ಆಮೇಲೆ ಕಾಲುಗಳು ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂದು ನಡೆಯುವ ಹಾಗೆ, ಬಾಗಿಲ ಕಡೆಗೆ ಹೋದವು. ಗೋಡೆ ಸುಮ್ಮನೆ ಇತ್ತು. ನಾನು ಹಾಗೆಯೇ ಹಿಡಿದುಕೊಂಡಿದ್ದೆ. ಕೊನೆಗೆ ಹೊರಗಿನಿಂದ ಬರುವ ನನ್ನದೇ ದನಿ ಕೇಳಿಸಿತು: "ನೀಲಾ, ಬಾಗಲಾ ಯಾಕ ತಗದಿಟ್ಟೀ?" ಮುಂದಿನದನ್ನು ಕೇಳಲಾರದೆ ಕಿವಿ ತೆಗೆದೆ.

ಸಿಟ್ಟು ಬರಲಿಲ್ಲವೆಂದರೆ ಶಿವ ಮೆಚ್ಚುವುದಿಲ್ಲ. ಮಗು ಹೋಗಿ ಕರೆದಾಗ ಅವಳು ಬಂದಿದ್ದರೆ, ಬಂದು ನೋಡಿ ಯಾರನ್ನಾದರೂ ಕೂಗಿದ್ದರೆ! ಓಣಿಯ ತುದಿಯಲ್ಲೇ ಡಾಕ್ಟರರ ಮನೆ. ನಾನು ತಿಂಗಳುಗಟ್ಟಲೆ ತಿಂದ ರೊಟ್ಟಿ ಗಂಟಲಿಗೆ ಬಂದ ಹಾಗಾಯಿತು. ಗೋಡೆ ಹಿಡಿದು ಎದ್ದೆ. ಅವಳ ಬಾಗಿಲಿಗೆ ಹೋಗಿ ಏನೆನ್ನಬೇಕೆಂಬುದೆಲ್ಲ ನಾಲಿಗೆಯ ಮೇಲಿತ್ತು. ಹೋಗಬೇಕಾಗಲಿಲ್ಲ. ಅವಳೇ ನನ್ನ ಹೊಸ್ತಿಲಲ್ಲಿ ನಿಂತಿದ್ದಳು. ಬರಿಗಾಲು, ಸೆರಗು ನೆಲಕ್ಕೆ ಬಿದ್ದಿತ್ತು. ಹಿಂದೆ ಈಶ್ವರಿ.

"ನಮ್ಮ ಗ್ವಾಡಿ ಮಾತಾಡ್ತರಿ ಅಕ್ಕೋರ" ಎಂದಳು ಸುವರ್ಣಾ. "ಏನ ಬರತೈತಿ ನೋಡೂಣು ಅಂತ ನಗಕೊಂತ ಕಿವಿ ಇಟ್ಟೆ. ಬರೇ ನನ್ನ ದನಿ. 'ಈ ಅಂಚ ನೋಡ್ರಿ, ಈ ಸೆರಗ ನೋಡ್ರಿ.' ನಡಕ ಈಕಿ, 'ಅವ್ವಾ, ಅಜ್ಜಿ ಕರಿಯಾಕತ್ತಾಳ, ಎದ್ಯಾಗ ಹಿಂಡಾಕತ್ತೈತಂತ' ಅಂತ ಎಷ್ಟ ಸಲ ಅಂತಾಳ್ರಿ! ಎಷ್ಟ ಸಲ! ನಾ 'ಶ್' ಅಂತೀನಿ, ಮತ್ತ 'ಈ ಬಣ್ಣ ನೋಡ್ರಿ' ಅಂತೀನಿ. ದೇವರಾಣಿ, ಅವತ್ತ ನನಗ ಕೇಳಿಲ್ಲ ಅಕ್ಕೋರ. ಗ್ವಾಡಿಗೆ ಕೇಳೈತಿ, ನನಗ ಕೇಳಿಲ್ಲ."

ಅವಳು ನನ್ನ ಮುಖದಲ್ಲಿ ಹುಡುಕಿದಳು.

"ನಿಮ್ಮ ಗ್ವಾಡಿ ಏನ ಅಂತ್ರಿ? ಅಜ್ಜಿ ನನ್ನ ಹಾದಿ ಕಾದ್ಲೇನು?"

ಇಲ್ಲ ಅನ್ನಬಹುದಾಗಿತ್ತು. ಒಂದು ಸುಳ್ಳಿನಿಂದ ಅವಳ ಜೀವ ತಣ್ಣಗಾಗುತ್ತಿತ್ತು. ಆದರೆ ನೀಲಳ ಹೆಸರಿನ ದೀಪ ಅಲ್ಲೇ ಉರಿಯುತ್ತಿತ್ತು. ಅವಳ ಕೊನೆಯ ಹೊತ್ತಿನ ಮೇಲೆ ನಾನು ಸುಳ್ಳಿನ ಮಣ್ಣು ಹಾಕಲಾರದೆ ಹೋದೆ.

"ಕಾದ್ಲು" ಎಂದೆ.

ಸುವರ್ಣಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅಷ್ಟಕ್ಕೇ ಬಿಟ್ಟುಬಿಡಬೇಕೆಂದು ನನ್ನೊಳಗೆ ಏನೋ ಹೇಳುತ್ತಿತ್ತು. ಬಿಟ್ಟಿದ್ದರೆ ಅದೂ ಅರ್ಧ ಸುಳ್ಳೇ ಆಗುತ್ತಿತ್ತು. ನಾಲಿಗೆಯ ಮೇಲಿದ್ದದ್ದನ್ನೆಲ್ಲ ನುಂಗಿಕೊಂಡೆ; ಅದು ಸುಲಭವಾಗಿ ಇಳಿಯಲಿಲ್ಲ.

"ಆಮ್ಯಾಗ ಕಾಯೂದ ಬಿಟ್ಲು. 'ಇರ್ಲಿ ಬಿಡು, ಕೆಲಸದಾಗ ಅದಾಳ' ಅಂದ್ಲು. ಸಿಟ್ಟ ಇರಲಿಲ್ಲ ಆಕಿ ದನ್ಯಾಗ. ನಾ ಸಿಟ್ಟಿಗೆದ್ದೇನಿ, ಆಕಿ ಎದ್ದಿರಲಿಲ್ಲ. ನಿನ್ನ ಮಗಳ ಕೈ ಹಿಡಕೊಂಡು ಕೂತಿದ್ಲು. ಹೋಗೂಮಟ ಹಿಡಕೊಂಡಿದ್ಲು. ಈ ಒಂದ ವರ್ಷ ನಾ ಆಕಿ ಒಬ್ಬಾಕಿನ ಹೋದ್ಲು ಅಂತ ಸಾಯಾಕತ್ತಿದ್ದೆ ಸುವರ್ಣಾ. ಒಬ್ಬಾಕಿನ ಇರಲಿಲ್ಲ ನನ್ನ ತಂಗಿ."

ಆಗ ಈಶ್ವರಿ ತಾಯಿಯ ಹಿಂದಿನಿಂದ ಮುಖ ಚಾಚಿದಳು. ನಾವಿಬ್ಬರೂ ಅಳುವುದನ್ನು ನೋಡಿ ಅವಳ ತುಟಿ ಬಿಳುಪೇರಿತ್ತು.

"ನಾ ಅಜ್ಜಿನ್ನ ಎಬ್ಬಸಬೇಕಿತ್ತೇನು?" ಎಂದು ಕೇಳಿದಳು. "ಮಲಗ್ಯಾಳ ಅಂತ ನಾ ಅವ್ವಗ ಹೇಳಿದ್ದೆ. ಅವ್ವನ ಊರಾಗಿನ ಅಜ್ಜಿಗೂ ಹೇಳಿದ್ದೆ."

ಹೇಳಿರಬೇಕು. ಯಾರಿಗೆಲ್ಲ ಹೇಳಿದ್ದಾಳೋ! ನಾವು ಯಾರೂ ಏನೆಂದು ತಿರುಗಿ ಕೇಳಿರಲಿಲ್ಲ.

"ಇಲ್ಲವಾ ನನ್ನ ತಾಯಿ" ಎಂದೆ. "ಎಬ್ಬಸಬಾರದಿತ್ತು. ನೀ ಹೊಚ್ಚಿ ಬಂದಿ. ಅದ ಸರಿ."

ಸುವರ್ಣಾ ಚೌಕಟ್ಟಿನ ಗುಂಟ ಜಾರಿ ನೆಲಕ್ಕೆ ಕೂತಳು. ಅವಳ ಮುಖ ಈಗ ಮಗಳ ಮುಖದ ಸಮಕ್ಕೆ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತ ಏನಾತ ನನಗ ಹೇಳವಾ ಈಶ್ವರಿ" ಎಂದಳು. "ಮೊದಲಿಂದ ಹೇಳು. ಎಲ್ಲಾ ಹೇಳು."

ಮಗು ಮೊದಲು ತಾಯಿಯ ಬಲಗೈ ನೋಡಿತು. ಆಮೇಲೆ ಎಡಗೈ ನೋಡಿತು. ತಲೆ ಬಾಗಿಸಿ ಅವಳ ಮಡಿಲಲ್ಲಿ ಇಣುಕಿತು. ಎಲ್ಲಿಯೂ ಮೊಬೈಲು ಇರಲಿಲ್ಲ. ತಾಯಿಯ ಕಣ್ಣು ಅದರ ಮೇಲೆಯೇ ಇತ್ತು. ಅಷ್ಟನ್ನೂ ನಿಶ್ಚಯ ಮಾಡಿಕೊಂಡ ಮೇಲೆ ಅದು ಹತ್ತಿರ ಸರಿದು, ಅವಳ ಎರಡೂ ಹಸ್ತಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, "ಅಜ್ಜಿ ಬ್ಯಾಳಿ ಕೂಡ ಮಾತಾಡಾಕತ್ತಿದ್ಲವಾ..." ಎಂದು ಹೇಳತೊಡಗಿತು.